ಲಕ್ವಾ ಹೊಡೆದವರನ್ನು ಮಲಗಿಸಿ ಬಿಡಬೇಡಿರಿ

(ಸಂಘದ ರಜತ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ಆರೋಗ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಮಳೆ ಬಂದ ವರ್ಷವೂ ಬಾರದ ವರ್ಷವೂ ಒಂದು ಹಳ್ಳಿಯ ಸಹಕಾರಿ ಸಂಘ ಬಾಗಿಲು ಮುಚ್ಚದೆ ಇಪ್ಪತ್ತೈದು ವರ್ಷ ನಡೆದು ಬಂದಿದೆ ಎಂದರೆ ಅದು ಸಣ್ಣ ಮಾತಲ್ಲ. ನಮ್ಮ ಗದಗ ಸೀಮೆಗೆ ಸಹಕಾರವೆಂಬುದು ಹೊರಗಿನಿಂದ ಬಂದ ಮಾತೂ ಅಲ್ಲ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯದೆ ಬಂತು. ಮರುವರ್ಷವೇ, 1905ರಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಪತ್ತಿನ ಸಂಘ ಕಟ್ಟಿದರು. ನಮ್ಮ ನಾಡಿನ ಸಹಕಾರ ಚರಿತ್ರೆಯೇ ಆ ಊರಿನ ಹೆಸರಿನಿಂದ ಪ್ರಾರಂಭವಾಗುತ್ತದೆ. ಬಿತ್ತುವ ಹೊತ್ತಿಗೆ ರೈತನ ಕೈಗೆ ಬಲ ಬರಲಿ ಎಂಬುದೇ ಅವರ ಉದ್ದೇಶವಾಗಿತ್ತು.

ಇಂದು ನಾವು ಮಾತಾಡಬೇಕೆಂದಿರುವುದೂ ಕೈಬಲದ ವಿಷಯವೇ. ಆದರೆ ಸಾಲದ ಬಲವಲ್ಲ. ಲಕ್ವಾ ಹೊಡೆದು ಬಲ ಹೋದ ಕೈ, ಬಲ ಹೋದ ಕಾಲು ಮತ್ತೆ ಹೇಗೆ ದುಡಿಮೆಗೆ ಬರಬಹುದು ಎಂಬ ಮಾತು. ಲಕ್ವಾ ರೋಗಿಗಳಿಗೆ ಕಸರತ್ತು ಕಲಿಸುವ ಕೆಲಸ ನಮ್ಮದು. ಗದಗ-ಬೆಟಗೇರಿಯ ಓಣಿಗಳಲ್ಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಹಳ್ಳಿಗಳಲ್ಲಿ ನಾವು ಕಾಲಿಟ್ಟ ಮನೆಗಳಲ್ಲಿ ಪ್ರೀತಿಗೆ ಕಡಿಮೆ ಇರುವುದಿಲ್ಲ. ದುಡ್ಡು ಇಲ್ಲದವರೂ ಸಾಲ ಮಾಡಿ ತೋರಿಸಿರುತ್ತಾರೆ. ಆದರೂ ರೋಗಿ ಎರಡು ಮೂರು ತಿಂಗಳಾದರೂ ಹೊರಸಿನ ಮೇಲೇ ಇರುತ್ತಾರೆ. ಯಾಕೆ ಅಂತ ಕೇಳಿದರೆ, "ಡಾಕ್ಟರು ರೆಸ್ಟ್ ಅಂದಾರ್ರೀ, ಅದಕ್ಕ ಏಳಾಕ ಬಿಟ್ಟಿಲ್ರೀ" ಎನ್ನುತ್ತಾರೆ. ಈ ಒಂದು ತಿಳಿವಳಿಕೆ ಬದಲಾದರೆ ಎಷ್ಟೋ ಮನೆಗಳು ಉಳಿಯುತ್ತವೆ. ಅದಕ್ಕಾಗಿಯೇ ಈ ಮಾತು.

ಲಕ್ವಾ ಎಂದರೆ ಏನು?

ನಮ್ಮ ಕಡೆ ಲಕ್ವಾ ಅಂತೇವೆ, ಪುಸ್ತಕದಲ್ಲಿ ಪಾರ್ಶ್ವವಾಯು ಎಂದು ಬರೆಯುತ್ತಾರೆ. ಹೆಸರಿನಲ್ಲಿ ವಾಯು ಇದ್ದರೂ ಇದು ಗಾಳಿಯಿಂದ ಬಂದದ್ದಲ್ಲ, ಯಾರ ಮಾಟದಿಂದ ಬಂದದ್ದೂ ಅಲ್ಲ. ಇದು ಮೆದುಳಿನ ರಕ್ತನಾಳದ ರೋಗ. ಕಾಲುವೆಯಲ್ಲಿ ಕಸ ಸಿಕ್ಕಿ ನೀರು ನಿಂತರೆ ಕೆಳಗಿನ ಮಡಿ ಒಣಗುವುದಿಲ್ಲವೇ? ಹಾಗೆಯೇ ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿದರೆ ಅದರ ಮುಂದಿನ ಭಾಗಕ್ಕೆ ರಕ್ತ ಇಲ್ಲದಂತಾಗುತ್ತದೆ. ಹೆಚ್ಚಿನವರಲ್ಲಿ ಆಗುವುದು ಇದೇ. ಕೆಲವರಲ್ಲಿ ಕಾಲುವೆ ಒಡೆದಂತೆ ನಾಳವೇ ಒಡೆದು ಮೆದುಳಿನೊಳಗೆ ರಕ್ತ ಸೋರುತ್ತದೆ. ಎರಡಕ್ಕೂ ಬಹಳ ಮಟ್ಟಿಗೆ ಕಾರಣ ಬಿ.ಪಿ. ಅದರ ಜೊತೆಗೆ ಶುಗರ್, ಬೀಡಿ, ತಂಬಾಕು, ಗುಟ್ಕಾ, ಸರಾಯಿ, ಹೃದಯದ ಕಾಯಿಲೆ.

ಮೆದುಳಿನ ಎಡಭಾಗ ಮೈಯ ಬಲಭಾಗವನ್ನು ನಡೆಸುತ್ತದೆ, ಬಲಭಾಗ ಎಡಭಾಗವನ್ನು. ಆದ್ದರಿಂದಲೇ ಒಂದು ಬದಿ ಬೀಳುತ್ತದೆ. ಇಲ್ಲಿ ಒಂದು ಮಾತು ಗಟ್ಟಿಯಾಗಿ ತಿಳಿದುಕೊಳ್ಳಬೇಕು. ಕೆಟ್ಟದ್ದು ಕೈಯಲ್ಲ, ಕಾಲಲ್ಲ; ಅವುಗಳಿಗೆ ಹುಕುಂ ಕೊಡುವ ಮೆದುಳಿನ ಜಾಗ. ಹಾಗಾಗಿ ಬರೀ ಕೈಕಾಲಿಗೆ ಎಣ್ಣೆ ತಿಕ್ಕುವುದರಿಂದ, ಪಾರಿವಾಳದ ರಕ್ತ ಸವರುವುದರಿಂದ ಬಲ ಬರುವುದಿಲ್ಲ. ಎಣ್ಣೆ ತಿಕ್ಕಿದರೆ ಮೈಗೆ ಹಿತವಾಗುತ್ತದೆ, ಮೆಲ್ಲಗೆ ತಿಕ್ಕಿರಿ, ಬೇಡ ಅನ್ನುವುದಿಲ್ಲ. ಆದರೆ ಅದೇ ಔಷಧ ಅಂತ ತಿಳಿದು ದಿನ ಕಳೆಯಬಾರದು.

ಮೊದಲ ತಾಸುಗಳು

ಮೋರೆ ಒಂದು ಕಡೆ ಸೊಟ್ಟಾಯಿತು, ಒಂದು ಕೈ ಎತ್ತಲಿಕ್ಕೆ ಬರುತ್ತಿಲ್ಲ, ಮಾತು ತೊದಲಿತು, ಇದ್ದಕ್ಕಿದ್ದಂತೆ ಜೋಲಿ ಹೋಯಿತು ಅಥವಾ ಕಣ್ಣು ಮಂಜಾಯಿತು. ಇವುಗಳಲ್ಲಿ ಒಂದು ಕಂಡರೂ ಗಡಿಯಾರ ನೋಡಿಕೊಳ್ಳಿರಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸಿನ ಒಳಗೆ ಕೊಡಬೇಕು, ಅದಕ್ಕೂ ಮೊದಲು ತಲೆಯ ಸ್ಕ್ಯಾನ್ ಆಗಬೇಕು. 108ಕ್ಕೆ ಫೋನ್ ಮಾಡಿರಿ. ಸ್ಕ್ಯಾನ್ ಮತ್ತು ಆ ಇಂಜೆಕ್ಷನ್ ಎಲ್ಲಿ ಸಿಗುತ್ತದೆ ಎಂದು ಆಗಲೇ ಕೇಳಿರಿ. ಗದಗಿನ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೋ ಹುಬ್ಬಳ್ಳಿಯೋ ಎಂಬ ಚರ್ಚೆ ಕಟ್ಟೆಯ ಮೇಲೆ ಕೂತು ಮಾಡುವಂಥದ್ದಲ್ಲ.

ಎರಡು ಕೆಲಸ ಮಾಡಬೇಡಿರಿ. ಬಾಯಿಗೆ ನೀರು, ಚಹಾ, ಗುಳಿಗೆ ಹಾಕಬೇಡಿರಿ. ನುಂಗುವ ಶಕ್ತಿ ಹೋಗಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಹಾಗೆಯೇ ಮನೆಯಲ್ಲಿದ್ದ ಬಿ.ಪಿ. ಗುಳಿಗೆಯನ್ನೋ ರಕ್ತ ತೆಳುವಾಗಿಸುವ ಗುಳಿಗೆಯನ್ನೋ ನೀವೇ ಕೊಡಬೇಡಿರಿ. ಹೆಪ್ಪೋ ರಕ್ತಸ್ರಾವವೋ ಎಂಬುದು ಸ್ಕ್ಯಾನ್ ಇಲ್ಲದೆ ಯಾರಿಗೂ ತಿಳಿಯದು.

ಹದ ನೋಡಿ ಬಿತ್ತುವ ಕೆಲಸ

ದವಾಖಾನೆಯಲ್ಲಿ ಜೀವ ಉಳಿಯಿತು. ಅಲ್ಲಿಂದ ಮುಂದಿನದೇ ನಮ್ಮ ಇಂದಿನ ವಿಷಯ.

ಎರೆಹೊಲದ ರೈತರಾದ ನಿಮಗೆ ಹದ ಎಂದರೆ ಏನೆಂದು ಹೇಳಬೇಕಾಗಿಲ್ಲ. ಜೋರು ಮಳೆ ಬಿದ್ದ ದಿನವೇ ಕುಂಟಿ ಹೂಡಿದರೆ ಕಾಲಿಗೆ ಮಣ್ಣು ಮೆತ್ತಿ ಎತ್ತು ಸೋಲುತ್ತವೆ, ಹೊಲವೂ ಕೆಡುತ್ತದೆ. ಹಾಗಂತ ಹದಿನೈದು ದಿನ ಸುಮ್ಮನೆ ಕೂತರೆ ನೆಲ ಬಿರಿದು ಬೀಜ ಮೊಳೆಯುವುದಿಲ್ಲ. ನಡುವೆ ಒಂದು ಹದ ಇದೆ. ಲಕ್ವಾ ಹೊಡೆದ ಮೈಗೂ ಹಾಗೆಯೇ.

ಮೆದುಳಿನ ಸತ್ತ ಭಾಗ ಮತ್ತೆ ಹುಟ್ಟುವುದಿಲ್ಲ. ಆದರೆ ಅದರ ಸುತ್ತಲಿನ, ಅದರ ಎದುರು ಬದಿಯ ಭಾಗಗಳು ಸತ್ತ ಭಾಗದ ಕೆಲಸವನ್ನು ಕಲಿಯಬಲ್ಲವು. ಮನೆಯಲ್ಲಿ ಹಿರಿಯ ಮಗ ಇಲ್ಲದಾಗ ಕಿರಿಯವನು ಹೊಲದ ಕೆಲಸ ಕಲಿತಂತೆ. ಕಲಿಯಬೇಕಾದರೆ ಅವನನ್ನು ಹೊಲಕ್ಕೆ ಕಳಿಸಬೇಕಲ್ಲವೇ? ಮೆದುಳಿಗೂ ಆ ಕೆಲಸವನ್ನು ಮತ್ತೆ ಮತ್ತೆ ಮಾಡಿಸಬೇಕು. ಈ ಕಲಿಕೆ ಮೊದಲ ಮೂರು ತಿಂಗಳಲ್ಲಿ ಚುರುಕಾಗಿ ನಡೆಯುತ್ತದೆ. ಆರು ತಿಂಗಳವರೆಗೆ ಸಾಕಷ್ಟು ಇರುತ್ತದೆ. ಆಮೇಲೂ ನಿಲ್ಲುವುದಿಲ್ಲ, ನಿಧಾನವಾಗುತ್ತದೆ. ಅಂದರೆ ನಾವು "ರೆಸ್ಟ್ ಮಾಡ್ಲಿ" ಎಂದು ಮಲಗಿಸಿ ಕಳೆಯುವ ದಿನಗಳೇ ಬಿತ್ತಬೇಕಾದ ದಿನಗಳು.

ಹಾಗಾದರೆ ಮೊದಲ ದಿನವೇ ಎಬ್ಬಿಸಿ ನಡೆಸಬೇಕೇ? ಬೇಡ. ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಆಸ್ಟ್ರೇಲಿಯಾ ಸೇರಿ ಐದು ದೇಶಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಒಂದು ದೊಡ್ಡ ಅಧ್ಯಯನದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಮೊದಲ 24 ತಾಸಿನೊಳಗೇ ಎಬ್ಬಿಸಿ ಹೆಚ್ಚು ಹೊತ್ತು ಓಡಾಡಿಸಿದ ಗುಂಪಿಗೆ ಲಾಭವಾಗಲಿಲ್ಲ, ಉಲ್ಟಾ ಸ್ವಲ್ಪ ನಷ್ಟವೇ ಆಯಿತು. ಆದರೆ ಅದೇ ಅಧ್ಯಯನವನ್ನು ಇನ್ನಷ್ಟು ಕೆದಕಿ ನೋಡಿದಾಗ, ಸ್ವಲ್ಪ ಸ್ವಲ್ಪ ಹೊತ್ತು, ದಿನಕ್ಕೆ ಹಲವು ಸಲ ಎಬ್ಬಿಸುವುದು ಒಳ್ಳೆಯದು ಎಂಬ ಸೂಚನೆ ಕಂಡಿತು. ಆದ್ದರಿಂದ ಈಗಿನ ಪದ್ಧತಿ ಹೀಗಿದೆ: ಮೊದಲ ದಿನ ಸರಿಯಾಗಿ ಮಲಗಿಸುವುದು, ಹೊರಳಿಸುವುದು, ಬಿ.ಪಿ., ಉಸಿರು, ಎಚ್ಚರ ಸ್ಥಿರವಾಗಿದ್ದರೆ ಡಾಕ್ಟರರ ಒಪ್ಪಿಗೆಯಿಂದ ಒಂದೆರಡು ದಿನದಲ್ಲಿ ಕೂಡ್ರಿಸುವುದು. ಆಮೇಲೆ ನಿತ್ಯ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತ ಹೋಗುವುದು. ದವಾಖಾನೆಯಿಂದ ಹೊರಡುವಾಗ "ಇವರನ್ನ ಯಾವಾಗಿಂದ ಕೂಡ್ರಸಬೇಕ್ರೀ? ಏನೇನು ಮಾಡಸಬೇಕ್ರೀ?" ಎಂದು ಕೇಳದೆ ಬರಬೇಡಿರಿ. ಗುಳಿಗೆ ಚೀಟಿ ಇಸಿದುಕೊಂಡಂತೆ ಕಸರತ್ತಿನ ಚೀಟಿಯನ್ನೂ ಇಸಿದುಕೊಳ್ಳಿರಿ.

ಮಲಗಿಸುವುದೂ ಒಂದು ಚಿಕಿತ್ಸೆ

ಮಲಗಿದ ರೋಗಿಯನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ಹಾಗೆ ಮಾಡದಿದ್ದರೆ ಸೊಂಟದ ಹಿಂದೆ, ಪಕ್ಕೆಲುಬಿನ ಕೆಳಗೆ, ಹಿಮ್ಮಡಿಗೆ ಹುಣ್ಣಾಗುತ್ತದೆ. ಆ ಹುಣ್ಣು ಒಳಗೇ ಹರಡಿ ಜೀವ ತೆಗೆದದ್ದೂ ಉಂಟು. ಜೋತು ಬಿದ್ದ ಹಗ್ಗದ ಹೊರಸು ಬೇಡ, ಮೈ ಕುಣಿಯಲ್ಲಿ ಇಳಿದಂತಾಗುತ್ತದೆ. ಗಟ್ಟಿ ಮಂಚವಿರಲಿ, ಇಲ್ಲವೇ ಹೊರಸಿನ ಮೇಲೆ ಹಲಗೆ ಹಾಕಿ ಮೇಲೆ ಕೌದಿ ಹಾಸಿರಿ.

ಸೋತ ಬದಿಯ ಮೇಲೆ ಮಲಗಿಸಬಾರದು ಎಂಬ ಹೆದರಿಕೆ ಬೇಡ. ಮಲಗಿಸಬಹುದು. ಆದರೆ ಭುಜ ಮೈಕೆಳಗೆ ಸಿಕ್ಕಿಕೊಳ್ಳದಂತೆ ಮೆಲ್ಲಗೆ ಮುಂದಕ್ಕೆ ತಂದು ಮಲಗಿಸಬೇಕು. ಒಳ್ಳೆಯ ಬದಿಯ ಮೇಲೆ ಮಲಗಿಸಿದಾಗ ಸೋತ ಕೈಗೂ ಸೋತ ಕಾಲಿಗೂ ಒಂದೊಂದು ತಲೆದಿಂಬು ಕೊಡಿರಿ. ದಿಂಬು ಇಲ್ಲದಿದ್ದರೆ ಹಳೆ ಕೌದಿಯನ್ನು ಸುರಳಿ ಸುತ್ತಿ ಇಟ್ಟರೂ ಆಯಿತು.

ಉಣಿಸುವಾಗ ಮಲಗಿಸಿ ಉಣಿಸಬೇಡಿರಿ. ನೆಟ್ಟಗೆ ಕೂಡ್ರಿಸಿ, ಗದ್ದ ಸ್ವಲ್ಪ ಕೆಳಗಿರಲಿ, ಸಣ್ಣ ಸಣ್ಣ ತುತ್ತು ಕೊಡಿರಿ. ಒಂದು ತುತ್ತು ಇಳಿದದ್ದು ಕಂಡ ಮೇಲೆ ಇನ್ನೊಂದು. ನೀರು ಕುಡಿದಾಗ ಕೆಮ್ಮು ಬಂದರೆ, ದನಿ ಗೊರಗೊರ ಆದರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿರಿ. ಎಷ್ಟೋ ಸಲ ತೆಳ್ಳಗಿನ ನೀರಿಗಿಂತ ಮೆತ್ತಗಿನ ನುಚ್ಚು, ಗಟ್ಟಿ ಗಂಜಿ ಸುರಕ್ಷಿತವಾಗಿ ಇಳಿಯುತ್ತದೆ. ಯಾವುದು ಸರಿ ಎಂದು ಪರೀಕ್ಷೆ ಮಾಡಿದವರೇ ಹೇಳಬೇಕು. ಉಂಡ ಮೇಲೆ ಅರ್ಧ ತಾಸು ಕೂತೇ ಇರಲಿ.

ಕೂಡ್ರುವುದು, ನಿಲ್ಲುವುದು, ನಡೆಯುವುದು

ಮಂಚದ ಅಂಚಿಗೆ ಕೂತಾಗ ಎರಡೂ ಪಾದ ನೆಲಕ್ಕೆ ಊರಬೇಕು. ಕಾಲು ಜೋತಾಡಬಾರದು. ಮಂಚ ಎತ್ತರವಾಗಿದ್ದರೆ ಕೆಳಗೆ ಮಣೆ ಇಡಿರಿ. ಮೊದಲು ಐದು ನಿಮಿಷ, ಆಮೇಲೆ ಹತ್ತು, ಹೀಗೆ ಹೆಚ್ಚಿಸಿರಿ. ಕೂತಾಗ ಜೋಲಿ ಬಂದರೆ ಮಲಗಿಸಿ, ಮತ್ತೆ ಸ್ವಲ್ಪ ಹೊತ್ತಿಗೆ ನೋಡಿರಿ.

ಕೂಡ್ರುವುದು ಗಟ್ಟಿಯಾದ ಮೇಲೆ ಎಲ್ಲಕ್ಕಿಂತ ದೊಡ್ಡ ಕಸರತ್ತು ಎಂದರೆ ಕೂತು ಏಳುವುದು. ಅದಕ್ಕೆ ಯಾವ ಯಂತ್ರವೂ ಬೇಡ. ಗೋಡೆಗೆ ಆನಿಸಿದ ಗಟ್ಟಿ ಖುರ್ಚಿ, ಪಕ್ಕದಲ್ಲಿ ಒಬ್ಬರು, ಅಷ್ಟೇ ಸಾಕು. ಪಾದ ಹಿಂದಕ್ಕೆ ಎಳೆದುಕೊಂಡು, ಮೈ ಮುಂದೆ ಬಾಗಿಸಿ, ಎರಡೂ ಕಾಲಿನ ಮೇಲೆ ಭಾರ ಹಾಕಿ ಏಳಬೇಕು. ರೋಗಿ ಒಳ್ಳೆಯ ಕಾಲಿನ ಮೇಲೇ ಭಾರ ಹಾಕಲು ನೋಡುತ್ತಾರೆ. ಸೋತ ಕಾಲಿಗೂ ಪಾಲು ಕೊಡಿಸಬೇಕು. ಮೊದಲು ಐದು ಸಲ, ದಿನಕ್ಕೆ ಮೂರು ಹೊತ್ತು. ಆಮೇಲೆ ಹತ್ತು ಸಲ. ನಮಾಜಿಗೆ ಹೋಗುವವರಿಗೆ ಹೊತ್ತು ನೆನಪಿರುತ್ತದೆ, ಲಿಂಗಪೂಜೆ ಮಾಡುವವರಿಗೂ ಹೊತ್ತು ನೆನಪಿರುತ್ತದೆ. ಕಸರತ್ತಿಗೂ ಹಾಗೆ ಹೊತ್ತು ಕಟ್ಟಿಕೊಂಡರೆ ತಪ್ಪುವುದಿಲ್ಲ.

ನಡೆಸುವಾಗ ಸಹಾಯ ಮಾಡುವವರು ಸೋತ ಬದಿಗೆ ನಿಲ್ಲಬೇಕು, ಸೊಂಟಕ್ಕೆ ಕಟ್ಟಿದ ಗಟ್ಟಿ ಪಟ್ಟಿಯನ್ನೋ ಟವೆಲನ್ನೋ ಹಿಡಿಯಬೇಕು. ರಟ್ಟೆ ಹಿಡಿದು ಎಳೆಯಬಾರದು. ಬಡಿಗೆ ಹಿಡಿಯಬೇಕಾದದ್ದು ಒಳ್ಳೆಯ ಕೈಯಲ್ಲಿ. ಮೆಟ್ಟಿಲು ಏರುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಇದನ್ನು ಮನೆಯ ಮಕ್ಕಳಿಗೂ ಬಾಯಿಪಾಠ ಮಾಡಿಸಿರಿ, ಅವರೇ ಅಜ್ಜನಿಗೆ ನೆನಪು ಮಾಡುತ್ತಾರೆ.

ನಮ್ಮ ಮನೆಗಳ ಹೊಸ್ತಿಲು ಎತ್ತರ, ಬಚ್ಚಲು ಜಾರುವಂಥದ್ದು. ಬಿದ್ದು ತೊಡೆಯ ಎಲುಬು ಮುರಿದರೆ ಗಳಿಸಿದ್ದೆಲ್ಲ ಹೋಗುತ್ತದೆ. ಬಚ್ಚಲ ಗೋಡೆಗೆ ಒಂದು ಕಬ್ಬಿಣದ ಹಿಡಿಕೆ ಜಡಿಸಿರಿ. ಸಂಡಾಸಕ್ಕೆ ಕುಕ್ಕರಗಾಲಲ್ಲಿ ಕೂಡ್ರಲು ಬರದವರಿಗೆ ನಡುವೆ ತೂತು ಕೊರೆದ ಖುರ್ಚಿ ಇಡಿರಿ. ರಾತ್ರಿ ಒಂದು ದೀಪ ಉರಿಯಲಿ.

ಎದೆನೋವು, ಉಸಿರುಗಟ್ಟುವುದು, ಜೋರು ತಲೆನೋವು, ಹೊಸದಾಗಿ ಬಲ ಕುಂದುವುದು, ಒಂದೇ ಕಾಲಿನ ಮೀನಖಂಡ ಬಾತು ನೋಯುವುದು, ಇಂಥವು ಕಂಡರೆ ಕಸರತ್ತು ನಿಲ್ಲಿಸಿ ತಕ್ಷಣ ದವಾಖಾನೆಗೆ ಹೋಗಿರಿ.

ಸೋತ ಕೈಯ ಮರ್ಯಾದೆ

ಕಾಲಿಗಿಂತ ಕೈ ತಡವಾಗಿ ಬರುತ್ತದೆ. ಆದ್ದರಿಂದ ಕೈಯನ್ನು ಜನ ಬೇಗ ಮರೆತುಬಿಡುತ್ತಾರೆ. ಮೊದಲ ವಾರಗಳಲ್ಲಿ ಭುಜದ ಕೀಲು ಸಡಿಲಾಗಿ ಕೈಯ ಭಾರಕ್ಕೇ ಕೆಳಗೆ ಜಾರಿರುತ್ತದೆ. ಆಗ ಆ ಕೈ ಹಿಡಿದು ಎಬ್ಬಿಸಿದರೆ, ಅಂಗಿ ತೊಡಿಸುವಾಗ ಜಗ್ಗಿದರೆ ಭುಜನೋವು ಶುರುವಾಗಿ ತಿಂಗಳುಗಟ್ಟಲೆ ಕಾಡುತ್ತದೆ. ಅಂಗಿ ತೊಡಿಸುವಾಗ ಮೊದಲು ಸೋತ ಕೈಗೆ, ಬಿಚ್ಚುವಾಗ ಮೊದಲು ಒಳ್ಳೆಯ ಕೈಯಿಂದ. ಕೂತಾಗ ಕೈ ಜೋತು ಬೀಳದಂತೆ ತೊಡೆಯ ಮೇಲೆ ದಿಂಬು ಇಟ್ಟು ಅದರ ಮೇಲಿಡಿರಿ.

ಹಲವು ಮನೆಗಳಲ್ಲಿ ಜಂತಿಗೆ ರಾಟಿ ಕಟ್ಟಿ, ಹಗ್ಗ ಹಾಕಿ, ಒಳ್ಳೆಯ ಕೈಯಿಂದ ಸೋತ ಕೈಯನ್ನು ಜಗ್ಗಿಸುತ್ತಾರೆ. ಆ ರಾಟಿಯನ್ನು ಬಿಚ್ಚಿರಿ. ಅದರಿಂದ ಭುಜಕ್ಕೆ ಕೇಡು ಎಂದು ತಜ್ಞರ ಮಾರ್ಗಸೂಚಿಗಳೇ ಹೇಳಿವೆ. ಬದಲಿಗೆ ಬೆರಳು, ಮಣಿಕಟ್ಟು, ಮೊಳಕೈ, ಭುಜ, ಹೀಗೆ ಒಂದೊಂದೇ ಕೀಲನ್ನು ನೋವಾಗದಷ್ಟು ಮೆಲ್ಲಗೆ ದಿನಕ್ಕೆ ಎರಡು ಮೂರು ಸಲ ಆಡಿಸಿರಿ. ಭುಜವನ್ನು ಕಲಿಸಿಕೊಟ್ಟವರು ಹೇಳಿದ ಮಟ್ಟಕ್ಕಷ್ಟೇ ಎತ್ತಿರಿ. ಇನ್ನು ರಬ್ಬರ್ ಚೆಂಡು ಹಿಚುಕುವುದು. ಮುಷ್ಟಿ ತಾನಾಗಿಯೇ ಬಿಗಿಯುತ್ತಿರುವವರಿಗೆ ಹಿಚುಕುವುದನ್ನು ಕಲಿಸಬೇಕಾಗಿಲ್ಲ, ಬಿಚ್ಚುವುದನ್ನು ಕಲಿಸಬೇಕು.

ಬೆರಳಿಗೆ ಸ್ವಲ್ಪ ಚಲನೆ ಬಂದ ಮೇಲೆ ಮನೆಯ ಕೆಲಸವೇ ಕಸರತ್ತು. ಶೇಂಗಾ ಸುಲಿಯುವುದು, ಮೆಣಸಿನಕಾಯಿ ತೊಟ್ಟು ಬಿಡಿಸುವುದು, ಹೆಸರುಕಾಳು ಆರಿಸುವುದು, ಚರಿಗೆಯಿಂದ ಚರಿಗೆಗೆ ನೀರು ಸುರಿಯುವುದು, ಅರಿವೆ ಮಡಚುವುದು, ಕಟ್ಟೆ ಒರೆಸುವುದು. ರೊಟ್ಟಿ ಬಡಿದ ಕೈಗೆ ಹಿಟ್ಟಿನ ಮುದ್ದೆ ಕೊಟ್ಟು ನೋಡಿರಿ. ಬೆಟಗೇರಿಯಲ್ಲಿ ಕುಣಿಮಗ್ಗದಲ್ಲಿ ಕೂತು ನೇಯ್ದ ಹಿರಿಯರ ಕಾಲಿಗೆ ತುಳಿಗೋಲಿನ ನೆನಪು ಇರುತ್ತದೆ, ಕೈಗೆ ಲಾಳಿಯ ನೆನಪು ಇರುತ್ತದೆ. ಮೊದಲಿನ ಸೀರೆ ಬರಲಿಕ್ಕಿಲ್ಲ, ಆದರೆ ಕಂಡಿಕೆ ಸುತ್ತುವುದರಿಂದಲಾದರೂ ಶುರು ಮಾಡಬಹುದು. ಉಪಯೋಗಕ್ಕೆ ಬರುವ ಕೆಲಸವನ್ನು ನೂರು ಸಲ ಮಾಡುವುದು, ಅರ್ಥವಿಲ್ಲದೆ ಕೈ ಅಲ್ಲಾಡಿಸುವುದಕ್ಕಿಂತ ಮೇಲು.

ಮಾತು ಮತ್ತು ಮನಸ್ಸು

ಬಲಬದಿ ಬಿದ್ದವರಲ್ಲಿ ಎಷ್ಟೋ ಮಂದಿಗೆ ಮಾತೂ ಹೋಗಿರುತ್ತದೆ. ಮಾತು ಹೋದ ಮಾತ್ರಕ್ಕೆ ಬುದ್ಧಿ ಹೋಗಿಲ್ಲ. ಅವರ ಎದುರಿಗೇ "ಇನ್ನ ಇವರದು ಮುಗೀತು" ಎಂದು ಆಡಬೇಡಿರಿ, ಅವರು ಕೇಳುತ್ತಿರುತ್ತಾರೆ. ಸಣ್ಣ ವಾಕ್ಯದಲ್ಲಿ ಕೇಳಿರಿ, ಹೂಂ ಊಹೂಂ ಎನ್ನುವಂತೆ ಕೇಳಿರಿ, ಉತ್ತರಕ್ಕೆ ಸಮಯ ಕೊಡಿರಿ. ಎಡಬದಿ ಬಿದ್ದ ಕೆಲವರಿಗೆ ಎಡಗಡೆ ಇರುವುದೇ ಗಮನಕ್ಕೆ ಬರುವುದಿಲ್ಲ. ತಾಟಿನ ಎಡಭಾಗದ ಪಲ್ಯ ಹಾಗೇ ಉಳಿದಿರುತ್ತದೆ. ಅಂಥವರಿಗೆ ಎಡಗಡೆಯಿಂದಲೇ ಮಾತಾಡಿಸಿ ಆ ಕಡೆ ಹೊರಳಿ ನೋಡುವುದನ್ನು ರೂಢಿ ಮಾಡಿಸಬೇಕು.

ಲಕ್ವಾ ಹೊಡೆದ ಸುಮಾರು ಮೂವರಲ್ಲಿ ಒಬ್ಬರಿಗೆ ಮನಸ್ಸು ಕುಗ್ಗುವ ಕಾಯಿಲೆ ಅಂಟಿಕೊಳ್ಳುತ್ತದೆ. ಉಣ್ಣುವುದಿಲ್ಲ, ನಿದ್ದೆ ಇಲ್ಲ, ಕಸರತ್ತಿಗೆ ಬರುವುದಿಲ್ಲ. ಜನ ಇದನ್ನು ಹಟ ಅನ್ನುತ್ತಾರೆ, ಆಲಸ್ಯ ಅನ್ನುತ್ತಾರೆ. ಇದಕ್ಕೂ ಔಷಧ ಇದೆ, ಡಾಕ್ಟರಿಗೆ ಹೇಳಿರಿ. ಮನೆಯ ಲೆಕ್ಕ, ಬಿತ್ತನೆ, ಮಗಳ ಮದುವೆ, ಇವುಗಳಲ್ಲಿ ಅವರನ್ನೂ ಕೇಳಿರಿ. ನಿನ್ನೆಯವರೆಗೆ ಯಜಮಾನರಾಗಿದ್ದವರನ್ನು ಇಂದು ಕೂಸಿನಂತೆ ನೋಡಿದರೆ ಮೈ ಏಳುವುದಾದರೂ ಹೇಗೆ?

ಅತಿ ಸೇವೆಯೂ ಕೇಡು

ಇಲ್ಲಿ ತಾಯಂದಿರಿಗೆ ಒಂದು ಮಾತು. ಸೊಸೆ ತುತ್ತು ಮಾಡಿ ಉಣಿಸುತ್ತಾಳೆ, ಮಗ ಹೊತ್ತುಕೊಂಡು ಬಚ್ಚಲಿಗೆ ಒಯ್ಯುತ್ತಾನೆ. ಊರೆಲ್ಲ ಹೊಗಳುತ್ತದೆ. ಆದರೆ ರೋಗಿ ತಾನೇ ಮಾಡಬಲ್ಲದ್ದನ್ನು ನಾವು ಮಾಡಿಕೊಟ್ಟಷ್ಟೂ ಅವರ ಮೆದುಳಿಗೆ ಕಲಿಯುವ ಕೆಲಸ ತಪ್ಪುತ್ತದೆ. ಒಂದು ಗುಂಡಿ ಹಾಕಿಕೊಳ್ಳಲು ಕಾಲು ತಾಸು ಹಿಡಿದರೂ ಹಿಡಿಯಲಿ, ಪಕ್ಕದಲ್ಲಿ ಕೂತಿರಿ. ಸೋತಾಗ ಮಾತ್ರ ಕೈ ಹಚ್ಚಿರಿ.

ಹಾಗಂತ ಎಲ್ಲ ಭಾರ ಮನೆಯವರ ಮೇಲೇ ಹೊರಿಸಿದರೆ ಆಗುತ್ತದೆಯೇ? ಇದನ್ನೂ ನಮ್ಮ ದೇಶದಲ್ಲಿಯೇ ಪರೀಕ್ಷಿಸಿದ್ದಾರೆ. ಭಾರತದ 14 ಆಸ್ಪತ್ರೆಗಳಲ್ಲಿ 1250 ಲಕ್ವಾ ರೋಗಿಗಳನ್ನು ಸೇರಿಸಿಕೊಂಡು, ಅರ್ಧದಷ್ಟು ಮಂದಿಯ ಮನೆಯವರಿಗೆ ಕಸರತ್ತು ಕಲಿಸಿ, ಮನೆಯಲ್ಲಿ ಅವರಿಂದಲೇ ಮಾಡಿಸಿದರು. 2017ರಲ್ಲಿ ಫಲಿತಾಂಶ ಹೊರಬಂತು. ಆರು ತಿಂಗಳ ಕೊನೆಗೆ ಸಾವಿನಲ್ಲಾಗಲಿ, ಪರಾವಲಂಬನೆಯಲ್ಲಾಗಲಿ ಎರಡು ಗುಂಪಿಗೆ ವ್ಯತ್ಯಾಸ ಕಾಣಲಿಲ್ಲ. ಇದನ್ನು ಕೇಳಿ ಕಸರತ್ತೇ ವ್ಯರ್ಥ ಎಂದುಕೊಳ್ಳಬಾರದು. ಎರಡನೆಯ ಗುಂಪಿಗೂ ಆಸ್ಪತ್ರೆಯ ಎಂದಿನ ಆರೈಕೆ ಇದ್ದೇ ಇತ್ತು. ನಾವು ತೆಗೆದುಕೊಳ್ಳುವ ಪಾಠ ಇಷ್ಟು: ನಾಲ್ಕು ದಿನ ಕಲಿಸಿ "ಇನ್ನು ನೀವೇ ನೋಡಿಕೊಳ್ಳಿರಿ" ಎಂದು ಮನೆಗೆ ಕಳಿಸಿದರೆ ಸಾಲದು. ಕಲಿತವರು ಆಗಾಗ ಬಂದು ನೋಡಬೇಕು, ತಿದ್ದಬೇಕು, ಹೆಚ್ಚಿಸಬೇಕು. ಮನೆಯವರ ಬೆನ್ನಿಗೆ ಇನ್ನೊಬ್ಬರು ನಿಲ್ಲಬೇಕು.

ಯಾಕೆಂದರೆ ಆ ಮನೆಯಲ್ಲಿ ಆಗುವುದೇನೆಂದು ನಿಮಗೆ ಗೊತ್ತಿದೆ. ದುಡಿಯುವ ಒಬ್ಬರು ಬಿದ್ದರು. ಅವರನ್ನು ನೋಡಿಕೊಳ್ಳಲು ಇನ್ನೊಬ್ಬರು ಕೂಲಿ ಬಿಟ್ಟರು. ಹೆಚ್ಚಾಗಿ ಅದು ಹೆಂಡತಿ ಅಥವಾ ಸೊಸೆ. ಅವರೂ ಇಲ್ಲದಿದ್ದರೆ ಸಾಲಿ ಬಿಟ್ಟ ಮಗಳು. ಹೊಲ ಪಾಲಿಗೆ ಹೋಯಿತು, ಎತ್ತು ಸಂತೆಗೆ ಹೋದವು. ಸಂಘದ ಪುಸ್ತಕದಲ್ಲಿ ಆ ಖಾತೆ ಸುಸ್ತಿ ಎಂದು ಬರೆಯಲ್ಪಡುತ್ತದೆ. ಆ ಸುಸ್ತಿಯ ಹಿಂದೆ ಒಂದು ಹೊರಸು ಇದೆ. ಅದರ ಮೇಲೆ ಮಲಗಿದವರು ತಾವೇ ಎದ್ದು ಬಚ್ಚಲಿಗೆ ಹೋಗಿ ಬರುವಷ್ಟಾದರೂ, ನೋಡಿಕೊಳ್ಳುವವರು ಮತ್ತೆ ಹೊಲಕ್ಕೆ ಹೋಗಬಹುದು, ಮಗಳು ಮತ್ತೆ ಸಾಲಿಗೆ ಹೋಗಬಹುದು. ಪೂರ್ಣ ಗುಣವಾಗುವುದೊಂದೇ ಗುಣವಲ್ಲ. ಇದೂ ಗುಣವೇ.

ಸಂಘ ಏನು ಮಾಡಬಹುದು?

ಸಹಕಾರದ ಮೂಲ ಮಾತು ತಾನು ಎಲ್ಲರಿಗಾಗಿ, ಎಲ್ಲರೂ ತನಗಾಗಿ ಎಂಬುದು. ಈ ರಜತ ವರ್ಷದಲ್ಲಿ ಸಂಘದ ಮುಂದೆ ನಾಲ್ಕು ವಿನಂತಿಗಳನ್ನು ಇಡುತ್ತೇವೆ.

ಒಂದು: ಬೀಜ ಗೊಬ್ಬರದ ಗೋದಾಮಿನ ಒಂದು ಮೂಲೆಯಲ್ಲಿ ಒಂದು ಗಾಲಿಖುರ್ಚಿ, ಎರಡು ವಾಕರ್, ನಾಲ್ಕು ಬಡಿಗೆ, ಒಂದು ತೂತಿನ ಖುರ್ಚಿ, ಒಂದು ಬಿ.ಪಿ. ಯಂತ್ರ ಇಡಿರಿ. ಬೇಕಾದ ಸದಸ್ಯರು ಸಹಿ ಮಾಡಿ ಒಯ್ಯಲಿ, ಕೆಲಸ ಮುಗಿದ ಮೇಲೆ ಮರಳಿಸಲಿ. ಸ್ಪ್ರೇ ಪಂಪು ಕೊಡುವ ಹಾಗೆಯೇ. ಒಬ್ಬೊಬ್ಬರೂ ಕೊಂಡರೆ ಭಾರ, ಸಂಘ ಕೊಂಡರೆ ಹತ್ತು ಮನೆಗೆ ಆಸರೆ.

ಎರಡು: ಮಾಹಿತಿ. ಪ್ರತಿ ಗ್ರಾಮ ಪಂಚಾಯತಿಗೆ ಅಂಗವಿಕಲರ ಕೆಲಸಕ್ಕಾಗಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಹುದ್ದೆ ಇದೆ, ತಾಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರ ಹುದ್ದೆ ಇದೆ. ಲಕ್ವಾದಿಂದ ಉಳಿದ ಊನಕ್ಕೂ ಗುರುತಿನ ಚೀಟಿ ಮಾಡಿಸಬಹುದು. ನಿಮ್ಮ ಊರಿನ ಕಾರ್ಯಕರ್ತರು, ಆಶಾ ಕಾರ್ಯಕರ್ತೆಯರು ಯಾರು, ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಫಿಜಿಯೋಥೆರಪಿ ಯಾವ ವಾರ ಇರುತ್ತದೆ ಎಂಬುದನ್ನು ಸಂಘದ ಫಲಕದ ಮೇಲೆ ಬರೆದು ಹಾಕಿರಿ. ವಾರಕ್ಕೊಮ್ಮೆ ನಾಲ್ಕು ರೋಗಿಗಳು ಸೇರಿ ಒಂದೇ ಗಾಡಿಯಲ್ಲಿ ಹೋಗಿ ಬಂದರೆ ಬಾಡಿಗೆ ಹಂಚಿಹೋಗುತ್ತದೆ.

ಮೂರು: ವಿಮೆ. ಸಹಕಾರಿ ಸದಸ್ಯರಿಗಾಗಿಯೇ ಯಶಸ್ವಿನಿ ಯೋಜನೆ 2003ರಲ್ಲಿ ನಮ್ಮ ರಾಜ್ಯದಲ್ಲಿ ಶುರುವಾಯಿತು. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದೊಳಗೆ ಸೇರಿಸಿದರು, 2022-23ರಲ್ಲಿ ಮತ್ತೆ ಬೇರೆಯಾಗಿ ಜಾರಿಗೆ ತಂದರು. ಆಯುಷ್ಮಾನ್ ಭಾರತ - ಆರೋಗ್ಯ ಕರ್ನಾಟಕದ ಕಾರ್ಡೂ ಇದೆ. ಯಾವುದರಲ್ಲಿ ಯಾವ ಚಿಕಿತ್ಸೆ ಬರುತ್ತದೆ, ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ ಎಂಬುದನ್ನು ಆರೋಗ್ಯ ಚೆನ್ನಾಗಿದ್ದಾಗಲೇ ಕೇಳಿ ಇಟ್ಟುಕೊಳ್ಳಿರಿ. ಆಂಬ್ಯುಲೆನ್ಸ್ ಬಾಗಿಲಿಗೆ ಬಂದಾಗ ಕಾರ್ಡು ಹುಡುಕುವುದಲ್ಲ.

ನಾಲ್ಕು: ಬರದಂತೆ ನೋಡಿಕೊಳ್ಳುವುದು. ಸಂಘದ ಸರ್ವಸಾಧಾರಣ ಸಭೆಗೆ ಬಂದ ಪ್ರತಿ ಸದಸ್ಯರ ಬಿ.ಪಿ. ನೋಡಿಸಿರಿ. 140/90ರ ಮೇಲೆ ಇದ್ದವರು ಡಾಕ್ಟರನ್ನು ಕಾಣಲಿ. ಒಮ್ಮೆ ಲಕ್ವಾ ಹೊಡೆದವರಿಗೆ ಮತ್ತೆ ಹೊಡೆಯುವ ಭಯ ಇದ್ದೇ ಇರುತ್ತದೆ. "ಆರಾಮ ಆಗೇತಲ್ಲ, ಗುಳಿಗಿ ಯಾಕ" ಎಂದು ಬಿಡುವುದೇ ಎರಡನೆಯ ಸಲಕ್ಕೆ ದಾರಿ. ಗುಳಿಗೆ ದಿನವೂ ಬೇಕು. ಉಪ್ಪಿನಕಾಯಿ, ಹಪ್ಪಳ, ಮೇಲುಪ್ಪು ಕಡಿಮೆ ಬೇಕು. ಬೀಡಿ, ತಂಬಾಕು, ಗುಟ್ಕಾ ಬೇಡವೇ ಬೇಡ.

ಬಂಧುಗಳೇ, ಸಾಲ ವಸೂಲಿಗೆ ಮನೆ ಮನೆಗೆ ಹೋಗುವ ಸಂಘ ವರ್ಷಕ್ಕೆ ನಾಲ್ಕು ಸಲವಾದರೂ ಇಂಥ ಮನೆಗಳಿಗೆ ಸುಮ್ಮನೆ ಹೋಗಲಿ. "ಕಾಕಾ, ಇವತ್ತ ಎಷ್ಟ ಸಲ ಎದ್ದ ಕೂತ್ರಿ?" ಎಂದು ಒಬ್ಬ ಸದಸ್ಯ ಕೇಳಿದರೂ ಸಾಕು, ಮರುದಿನ ಆ ಕಾಕಾ ಎರಡು ಸಲ ಹೆಚ್ಚಿಗೆ ಏಳುತ್ತಾರೆ. ಇದಕ್ಕೆ ಬಡ್ಡಿಯಿಲ್ಲ, ಜಾಮೀನು ಬೇಡ, ಬರೀ ಹೋಗಿ ಬರುವ ಕಾಲು ಬೇಕು.

 ಸಂಘ ಸುವರ್ಣ ಮಹೋತ್ಸವವನ್ನೂ ಆಚರಿಸಲಿ. ಆ ದಿನ ಇದೇ ಅಂಗಳಕ್ಕೆ ಬಡಿಗೆ ಊರಿಕೊಂಡಾದರೂ ಸರಿ, ಎಲ್ಲ ಸದಸ್ಯರೂ ತಮ್ಮ ಕಾಲಿನ ಮೇಲೆ ನಡೆದು ಬರುವಂತಾಗಲಿ.

ಜೈ ಸಹಕಾರ.